ಚಿಕ್ಕಪ್ಪನ ತಾರಸಿ, ಚಿಕ್ಕಮ್ಮನ ಟ್ರಂಕು

ನಮ್ಮ ಚಿಕ್ಕಪ್ಪ ಭಿಕ್ಷೆ ಬೇಡುತ್ತಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ. ಸರ್ಕಾರಿ ನೌಕರಿ, ಇಸ್ತ್ರಿ ಕೆಡದ ಕೋಟು, ತಲೆಯ ಮೇಲೆ ಕರಿ ಟೋಪಿ, ಡೈನಮೋ ದೀಪವಿದ್ದ ಸ್ವಂತ ಸೈಕಲ್ಲು, ಇಷ್ಟೆಲ್ಲ ಇದ್ದೂ ಬೇಡುತ್ತಿದ್ದರು! ರೈಲ್ವೆ ಗೇಟು ಬಿದ್ದಾಗ ಪಕ್ಕದಲ್ಲಿ ನಿಂತವರ ಹತ್ತಿರ ಬೇಡುತ್ತಿದ್ದರು. ಕ್ಷೌರಕ್ಕೆ ಕೂತಾಗ ಗಲ್ಲಕ್ಕೆ ಸೋಪು ಬಳಿಸಿಕೊಂಡೇ ಬೇಡುತ್ತಿದ್ದರು. ಮದುವೆ ಊಟಕ್ಕೆ ಕೂತರೆ ಎಡಗಡೆ ಎಲೆಯವರನ್ನೂ ಬಿಡುತ್ತಿರಲಿಲ್ಲ, ಬಲಗಡೆ ಎಲೆಯವರನ್ನೂ ಬಿಡುತ್ತಿರಲಿಲ್ಲ. ಗಾಬರಿಯಾಗಬೇಡಿ. ಅವರು ಬೇಡುತ್ತಿದ್ದದ್ದು ಕಾಸಲ್ಲ, ಸಲಹೆ!

“ನಮ್ಮನೆ ತಾರಸಿ ಸೋರ್ತಾ ಇದೆ ಕಣ್ರೀ. ಏನ್ ಮಾಡೋಣ ಅಂತೀರಿ?”

ಇಷ್ಟೇ ಅವರ ಮಂತ್ರ. ಸಾಲ ಕೇಳಿದರೆ ಮುಖ ತಿರುಗಿಸುವವರುಂಟು, ಸಹಾಯ ಕೇಳಿದರೆ ಊರಲ್ಲಿಲ್ಲ ಎನ್ನಿಸುವವರುಂಟು. ಸಲಹೆ ಕೇಳಿದರೆ ‘ನನ್ನ ಹತ್ತಿರ ಇಲ್ಲ, ಮುಂದೆ ಹೋಗಿ’ ಎಂದ ಒಬ್ಬನೇ ಒಬ್ಬ ಮಹಾನುಭಾವನನ್ನು ನಾನು ಈವರೆಗೆ ಕಂಡಿಲ್ಲ. ಒಮ್ಮೆ ದೂರದ ನೆಂಟರೊಬ್ಬರ ಸಾವಿಗೆ ಹೋಗಿದ್ದೆವು. ಸತ್ತವರ ಭಾವಮೈದುನ ಕಂಬಕ್ಕೆ ಒರಗಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಅವರು ಸರ್ಕಾರಿ ಕಟ್ಟಡ ಕಟ್ಟಿಸುವ ಮರಾಮತ್ತು ಇಲಾಖೆಯಲ್ಲಿದ್ದವರು ಎಂದು ಯಾರೋ ಚಿಕ್ಕಪ್ಪನ ಕಿವಿಗೆ ಹಾಕಿದರು. ಹಾಕಬಾರದಿತ್ತು! ಚಿಕ್ಕಪ್ಪ ಮೆಲ್ಲಗೆ ಅವರ ಪಕ್ಕಕ್ಕೆ ಸರಿದರು. ನಾನು ನಾಚಿಕೆಯಿಂದ ಬಾಗಿಲ ಹಿಂದೆ ಅವಿತುಕೊಂಡೆ. ಎರಡು ನಿಮಿಷ ಬಿಟ್ಟು ಇಣುಕಿದರೆ ಭಾವಮೈದುನರ ಅಳು ನಿಂತಿದೆ! ಕಣ್ಣೊರೆಸಿಕೊಂಡು ಅವರು ಕೇಳುತ್ತಿದ್ದಾರೆ: “ಸುಣ್ಣ ಎಷ್ಟು ದಿನ ನೆನೆ ಹಾಕಿದ್ರಿ?” ಹೆಣ ಎತ್ತುವ ಹೊತ್ತಾದರೂ ಇಬ್ಬರ ಮಾತೂ ಮುಗಿದಿರಲಿಲ್ಲ. ಚಟ್ಟಕ್ಕೆ ಹೆಗಲು ಕೊಡಲು ಏಳುತ್ತ ಅವರು ಚಿಕ್ಕಪ್ಪನಿಗೆ ಹೇಳಿದರು: “ಮಿಕ್ಕಿದ್ದು ಸ್ಮಶಾನದಲ್ಲಿ ಹೇಳ್ತೀನಿ, ತಪ್ಪದೆ ಬನ್ನಿ.”

ಆ ತಾರಸಿ ಇದ್ದದ್ದು ಯಶವಂತಪುರದಲ್ಲಿ. ಐವತ್ತರ ದಶಕದ ಕೊನೆಯ ಮಾತು. ಆಗಿನ ಯಶವಂತಪುರ ಎಂದರೆ ಒಂದು ರೈಲ್ವೆ ಸ್ಟೇಷನ್ನು, ಅದರ ಸುತ್ತ ಒಂದಿಷ್ಟು ಮನೆ, ಆಮೇಲೆ ಕಣ್ಣು ಹಾಯುವವರೆಗೂ ರಾಗಿ ಹೊಲ. ಆ ಹೊಲದ ಅಂಚಿನಲ್ಲಿ ಅಲ್ಲಿನ ಗೌಡರೊಬ್ಬರಿಂದ ಸೈಟು ಕೊಂಡು ಚಿಕ್ಕಪ್ಪ ಮನೆ ಕಟ್ಟಿಸಿದ್ದರು. ನನಗೆ ಆ ಕಡೆಯ ಕಾರ್ಖಾನೆಯೊಂದರಲ್ಲಿ ಗುಮಾಸ್ತೆ ಕೆಲಸ ಸಿಕ್ಕಿದ್ದರಿಂದ ನಾನೂ ಅವರ ಮನೆಯಲ್ಲೇ ಇದ್ದೆ. ಆದ್ದರಿಂದ ನಾನು ಹೇಳುವುದೆಲ್ಲ ಕಣ್ಣಾರೆ ಕಂಡದ್ದು, ಎಷ್ಟೋ ಸಲ ತಲೆಯ ಮೇಲೆ ಬಿದ್ದದ್ದು.

ಚಿಕ್ಕಮ್ಮ ಮಾತ್ರ ಆ ಮನೆಗೆ ಮನಸ್ಸಿಲ್ಲದೆ ಬಂದವರು. ಮದುವೆಯಾದಾಗಿನಿಂದ ಚಿಕ್ಕಪೇಟೆಯ ಒಂದು ವಠಾರದಲ್ಲಿ ಬಾಳಿದ್ದರು. ಅಲ್ಲಿ ಒಬ್ಬರು ಒಗ್ಗರಣೆ ಹಾಕಿದರೆ ವಠಾರವೆಲ್ಲ ಸೀನುತ್ತಿತ್ತು. ಮಕ್ಕಳಿಲ್ಲದ ಚಿಕ್ಕಮ್ಮನ ತೊಡೆಯ ಮೇಲೆ ಸದಾ ಯಾರದಾದರೂ ಒಂದು ಕೂಸು ಇರುತ್ತಿತ್ತು. ಅಂಥವರನ್ನು ತಂದು ಹೊಲದ ಅಂಚಿನಲ್ಲಿ ಕೂರಿಸಿದರೆ?

“ಬೆಳಗ್ಗೆ ಎದ್ರೆ ರಾಗಿ ತೆನೆ, ಕತ್ತಲಾದ್ರೆ ನರಿ ಕೂಗು. ಮಾತಾಡೋಕೆ ಒಂದು ನರಪಿಳ್ಳೆ ಬೇಡವೇನೋ?” ಎಂದು ನನ್ನನ್ನು ಕೇಳುತ್ತಿದ್ದರು.

“ನಾನಿಲ್ವಾ ಚಿಕ್ಕಮ್ಮ?”

“ನೀನು ಇಲ್ಲಿಗೆ ಬರೋದು ತಿನ್ನೋಕೆ, ಮಲಗೋಕೆ. ನೀನು ಲೆಕ್ಕಕ್ಕಿಲ್ಲ ಕಣೋ!”

ಗೃಹಪ್ರವೇಶವಾದ ವಾರದಲ್ಲೇ ಮಳೆ ಬಂತು. ಆ ಮನೆಯ ಮೊದಲನೇ ತೊಟ್ಟು ಬೇರೆಲ್ಲೂ ಜಾಗವೇ ಸಿಗಲಿಲ್ಲವೇನೋ ಎಂಬಂತೆ ನೇರವಾಗಿ ಚಿಕ್ಕಮ್ಮನ ನೆತ್ತಿಯ ಮೇಲೆ ಬಿತ್ತು. ಅವರು ತಲೆ ಒರೆಸಿಕೊಳ್ಳಲೂ ಇಲ್ಲ. ನೆಟ್ಟಗೆ ನಡುಮನೆಗೆ ಬಂದು, ತಮ್ಮ ಸೀರೆಗಳಿದ್ದ ತಗಡಿನ ಟ್ರಂಕಿಗೆ ವಠಾರದಿಂದ ಹೊರಡುವಾಗ ಸುತ್ತಿದ್ದ ನಾರಿನ ಹಗ್ಗವನ್ನು ಇನ್ನಷ್ಟು ಬಿಗಿ ಮಾಡಿ ಘೋಷಿಸಿದರು: “ಈ ಸೂರು ಸೋರೋದು ನಿಲ್ಲೋವರೆಗೂ ನಾನು ಈ ಮನೇಲಿ ಬಿಡಾರ ಬಿಚ್ಚಲ್ಲ. ದೀಪಾವಳಿವರೆಗೂ ನೋಡ್ತೀನಿ. ಆಮೇಲೆ ಜಟಕಾ ಕರ್ಸೋದೇ!”

ಅವತ್ತಿನಿಂದ ಆ ಟ್ರಂಕು ನಡುಮನೆಯಲ್ಲೇ ಪ್ರಯಾಣಕ್ಕೆ ಸಿದ್ಧವಾಗಿ ಕೂತಿತು. ಚಿಕ್ಕಪ್ಪ ಆಸೆಯಿಂದ ಒಂದು ಗೋಡೆ ಬೀರು ಮಾಡಿಸಿದ್ದರು. ತೇಗದ ಬಾಗಿಲು, ಒಳಗೆ ಕನ್ನಡಿ. ಅದರಲ್ಲಿ ಮುಖ ನೋಡಿಕೊಳ್ಳುತ್ತಿದ್ದದ್ದು ಜಿರಲೆಗಳು ಮಾತ್ರ. ಚಿಕ್ಕಮ್ಮ ದಿನಾ ಸ್ನಾನವಾದ ಮೇಲೆ ಬಂದು, ಹಗ್ಗದ ಗಂಟು ಬಿಚ್ಚಿ, ಮುಚ್ಚಳ ತೆಗೆದು, ಒಂದು ಸೀರೆ ಎತ್ತಿಕೊಂಡು, ಮುಚ್ಚಿ, ಮತ್ತೆ ಸುತ್ತಿ ಸುತ್ತಿ ಗಂಟು ಹಾಕುತ್ತಿದ್ದರು. ಚಿಕ್ಕಪ್ಪ ಪೇಪರಿನ ಮರೆಯಿಂದ ಇದನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದರು.

ಹಾಗೆಂದು ಅವರು ಹೆಂಡತಿಯ ಸಲಹೆ ಕೇಳದವರಲ್ಲ. ಲೋಕದಲ್ಲಿ ಮೊಟ್ಟಮೊದಲು ಕೇಳಿದ್ದು ಅವರನ್ನೇ. “ತಾರಸಿ ಸೋರ್ತಿದೆ ಕಣೇ, ಏನ್ ಮಾಡೋಣ ಅಂತೀಯ?” ಎಂದದ್ದಕ್ಕೆ ಚಿಕ್ಕಮ್ಮ ಕೊಟ್ಟ ಸಲಹೆ ಒಂದೇ ಮಾತಿನದು: “ಜಟಕಾ!” ಅದು ಚಿಕ್ಕಪ್ಪನಿಗೆ ಹಿಡಿಸಲಿಲ್ಲ. ಆದ್ದರಿಂದ ಜಟಕಾ ಅಲ್ಲದ ಬೇರೊಂದು ಸಲಹೆಯನ್ನು ಹುಡುಕಿಕೊಂಡು ಅವರು ಬೀದಿಗೆ ಬಿದ್ದರು. ಯಾರ ಮನೆಗೆ ಹೋದರೂ ಮನೆಯವರ ಮುಖ ನೋಡುವುದನ್ನು ಬಿಟ್ಟು ಸೂರು ನೋಡುವುದು ಅಭ್ಯಾಸವಾಯಿತು. ರಸ್ತೆಯಲ್ಲಿ ಕತ್ತೆತ್ತಿಕೊಂಡೇ ನಡೆಯುವರು. ಎರಡು ಸಲ ಎಮ್ಮೆಗೆ ಡಿಕ್ಕಿ ಹೊಡೆದು ಅದರ ಹತ್ತಿರ “ಕ್ಷಮಿಸಿ” ಎಂದದ್ದನ್ನು ನಾನೇ ಕೇಳಿದ್ದೇನೆ. ನೆಲದ ಮೇಲೆ ಏನಿದೆ ಎಂಬ ಪರಿವೆಯೇ ಅವರಿಗೆ ಹೊರಟುಹೋಗಿತ್ತು.

ಮೊದಲು ಸಿಕ್ಕವರು ಸೈಟು ಮಾರಿದ ಪಕ್ಕದ ಗೌಡರು.

“ಗಾರೆಗೆ ಬೆಲ್ಲ ಆಕ್ಸಿದ್ರಾ ಸ್ವಾಮಿ?”

“ಇಲ್ವಲ್ಲ ಗೌಡ್ರೇ!”

“ಅದ್ಕೇಯ ಇಂಗಾಗಿರೋದು! ನಮ್ಮಪ್ಪ ಬೆಲ್ಲ, ಅಳಲೇಕಾಯಿ ನೀರು ಆಕ್ಸಿ ಕಟ್ಸಿದ ಮನೆ ನಮ್ದು. ಇವತ್ತಿಗೂ ಗೋಡೆಗೆ ಆರೆ ಆಕಿದ್ರೆ ಆರೇನೇ ಮುರೀತದೆ.”

ಮೇಲಿನ ಗಾರೆ ಕಿತ್ತು ಹೊಸದು ಹಾಕಿಸುವುದೆಂದಾಯಿತು. ಆದರೆ ಬೆಲ್ಲ ಎಷ್ಟು? ಗೌಡರು ‘ಒಸಿ ಸಾಕು’ ಎಂದರು. ಆಫೀಸಿನ ಹೆಡ್ ಗುಮಾಸ್ತರು ‘ಸುಣ್ಣದ ಕಾಲು ಭಾಗ’ ಎಂದರು. ಕ್ಷೌರದಂಗಡಿಯಲ್ಲಿ ‘ಬೆಲ್ಲದ ಮೇಲೆ ಜಿಪುಣತನ ಮಾಡಬಾರದು’ ಎಂದರು. ನೀವಾಗಿದ್ದರೆ ಇವರಲ್ಲಿ ಒಬ್ಬರ ಮಾತು ಕೇಳುತ್ತಿದ್ದಿರಿ. ಯಾರ ಮನಸ್ಸನ್ನೂ ನೋಯಿಸಲಾರದ ಚಿಕ್ಕಪ್ಪ ಎಲ್ಲರ ಬೆಲ್ಲವನ್ನೂ ಕೂಡಿಸಿ ಹಾಕಿಸಿದರು!

ಗಾರೆ ಇನ್ನೂ ಹಸಿಯಾಗಿರುವಾಗಲೇ ಇರುವೆಗಳು ಬಂದವು. ಗೌಡರ ಹೊಲದಿಂದ ಬಂದವು, ರೈಲ್ವೆ ಲೈನಿನ ಆಚೆಯಿಂದ ಬಂದವು, ನನಗೇನೋ ಗೂಡ್ಸ್ ಗಾಡಿಯಲ್ಲೂ ಒಂದಿಷ್ಟು ಬಂದಿಳಿದವು ಎಂದೇ ಅನುಮಾನ. ಗೋಡೆಯ ಮೇಲೆ ಹತ್ತುವ ಸಾಲು ಒಂದು, ಬೆಲ್ಲ ಹೊತ್ತು ಇಳಿಯುವ ಸಾಲು ಒಂದು. ಚಿಕ್ಕಮ್ಮನ ಅಡಿಗೆಮನೆ ಅವುಗಳಿಗೆ ನಡುವೆ ಸಿಗುವ ತಂಗುದಾಣ. ಅವರ ಕೂಗಾಟ ಕೇಳಿ ಗೌಡರ ಹೆಂಡತಿ ಸೆರಗಿನಲ್ಲಿ ಅರಿಸಿನ ಕಟ್ಟಿಕೊಂಡು ಓಡಿಬಂದರು. “ಇದನ್ನ ಬಾಗಿಲಿಗೆ ಉದುರಿಸ್ರವ್ವ, ದಾಟಾಕಿಲ್ಲ” ಎಂದರು. ಇಬ್ಬರೂ ಕೂತು ಮನೆಯ ಸುತ್ತ ಅರಿಸಿನದ ಗೆರೆ ಎಳೆದರು. ಸಂಜೆ ನಾನು ಬಂದಾಗಲೂ ಗೆರೆ ಎಳೆಯುವ ಕೆಲಸ ಮುಗಿದಿರಲಿಲ್ಲ. ಮುಗಿಯುವುದು ಹೇಗೆ? ಗೆರೆ ಒಂದು ಮೊಳ, ಮಾತು ನಾಲ್ಕು ಮಾರು!

ಗೌಡರು ಮಾತ್ರ ಸೋಲೊಪ್ಪಲಿಲ್ಲ. “ಇಷ್ಟು ಇರುವೆ ಬಂದ್ವು ಅಂದ್ರೆ ಬೆಲ್ಲ ಅಸಲಿ ಅಂತ ಆಯ್ತಲ್ಲ ಸ್ವಾಮಿ, ಅಂಗಡಿಯೋನು ಮೋಸ ಮಾಡಿಲ್ಲ!”

ತಾರಸಿ ಬಡಿಯಲು ಹೆಂಗಸರು ಬಂದರು. ಸಾಲಾಗಿ ಕುಕ್ಕರುಗಾಲಲ್ಲಿ ಕೂತು, ಮರದ ಹಲಗೆಯಿಂದ ಗಾರೆಯನ್ನು ಬಡಿಯುತ್ತ, ತಾಳಕ್ಕೆ ಹಾಡು ಹೇಳುತ್ತ ಇಂಚು ಇಂಚಾಗಿ ಸರಿಯುವರು. ಮೊದಲ ದಿನ ಚಿಕ್ಕಮ್ಮ “ತಲೆ ಸಿಡಿದುಹೋಗ್ತಿದೆ” ಎಂದು ಹಣೆಗೆ ಪಟ್ಟಿ ಕಟ್ಟಿಕೊಂಡು ಮಲಗಿದರು. ಮರುದಿನ ಮಲಗಿದಲ್ಲಿಂದಲೇ “ಆ ಸಾಲು ಹಾಗಲ್ಲ, ರಾಗ ಏರ್ಬೇಕು” ಎಂದು ಗೊಣಗಿದರು. ಅದರ ಮರುದಿನ ಮಜ್ಜಿಗೆ ತೆಗೆದುಕೊಂಡು ತಾವೇ ಮೇಲೆ ಹೋದರು. ಬಹಳ ಹೊತ್ತಾದರೂ ಇಳಿಯಲಿಲ್ಲವೆಂದು ನಾನು ಹತ್ತಿ ನೋಡಿದರೆ, ಹೆಂಗಸರ ಸಾಲಿನ ಕೊನೆಯಲ್ಲಿ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಲಗೆ ಬಡಿಯುತ್ತ ಹಾಡು ಹೇಳಿಕೊಡುತ್ತಿದ್ದಾರೆ! ನನ್ನನ್ನು ಕಂಡದ್ದೇ ಹಲಗೆ ಕೆಳಗಿಟ್ಟು, “ಇವರ ಕೆಲಸ ಸರಿ ಇದೆಯಾ ಅಂತ ನೋಡ್ತಿದ್ದೆ” ಎಂದರು.

ಆಮೇಲೆ ಬಂತು ಮೊಟ್ಟೆಯ ಪ್ರಕರಣ. ಕೆಲಸದ ಮೇಸ್ತ್ರಿ ಕೋಗಿಲು ಎಂಬ ಹಳ್ಳಿಯವನು. ಚಿಕ್ಕಪ್ಪ ಅವನನ್ನೂ ಬಿಡದೆ ‘ಏನ್ ಮಾಡೋಣ ಅಂತೀಯ’ ಎಂದು ಕೇಳಿದ್ದಕ್ಕೆ, ಕಡೆಯ ಪದರಕ್ಕೆ ಕೋಳಿಮೊಟ್ಟೆಯ ಬಿಳಿ ಸೇರಿಸಿ ತಿಕ್ಕಿದರೆ ತಾರಸಿ ಕನ್ನಡಿಯಂತೆ ಆಗಿ ನೀರು ನಿಲ್ಲದೆ ಜಾರುತ್ತದೆ ಎಂದುಬಿಟ್ಟ. ಚಿಕ್ಕಮ್ಮ ಒಲೆಯ ಮುಂದಿನಿಂದ ಎದ್ದೇ ಬಂದರು.

“ಏನಂದ್ರಿ? ಮೊಟ್ಟೇನಾ? ತಲೆ ಮೇಲೆ ಮೊಟ್ಟೆ ಹೊತ್ಕೊಂಡು ನಾನು ದೇವರಿಗೆ ದೀಪ ಹಚ್ಬೇಕಾ?”

“ತಿನ್ನೋಕಲ್ಲ ಕಣೇ, ತಾರಸಿಗೆ.”

“ತಾರಸಿ ತಿಂದ್ರೂ ಮನೆ ತಿಂದ ಹಾಗೇ!”

ಸಂಧಾನಕ್ಕೆ ಗೌಡರೇ ಬರಬೇಕಾಯಿತು. ಮೊಟ್ಟೆ ಅವರ ಮನೆಯ ಕೋಳಿಗಳದ್ದೇ ಆದ್ದರಿಂದ ಅವರಿಗೂ ಆಸಕ್ತಿಯಿತ್ತು ಅನ್ನಿ. ಕೊನೆಗೆ ಒಪ್ಪಂದವಾಯಿತು: ಮನೆಗೆಲ್ಲ ಮೊಟ್ಟೆ, ದೇವರ ಮನೆಯ ಮೇಲೆ ಮಾತ್ರ ಬೇಡ. ಮೇಸ್ತ್ರಿ ಕೆಳಗೆ ದೇವರ ಮನೆಯನ್ನು ಅಳೆದು, ಮೇಲೆ ಹೋಗಿ ಸುಣ್ಣದಲ್ಲಿ ಚೌಕ ಎಳೆದ. ಚೌಕದ ಹೊರಗೆ ಮಾಂಸಾಹಾರಿ ತಾರಸಿ, ಒಳಗೆ ಸಸ್ಯಾಹಾರಿ ತಾರಸಿ. ಇಂಥ ಜಾತಿಭೇದವನ್ನು ಸೂರಿಗೂ ತಂದ ಮನೆ ಬೆಂಗಳೂರಿನಲ್ಲಿ ಇನ್ನೊಂದು ಇದ್ದೀತೆ?

ಮುಂದಿನ ಮಳೆಗೆ ಏನಾಯಿತೆಂದು ನೀವು ಊಹಿಸಿರುತ್ತೀರಿ. ನಡುಮನೆ ಒಣಗಿತ್ತು, ಅಡಿಗೆಮನೆ ಒಣಗಿತ್ತು, ನಾನು ಮಲಗುವ ಮೂಲೆಯೂ ಒಣಗಿತ್ತು. ದೇವರ ಮನೆಯಲ್ಲಿ ಮಾತ್ರ ದೇವರಿಗೆ ಅಖಂಡ ಅಭಿಷೇಕ!

ಮೇಸ್ತ್ರಿ ಬಂದು ನೋಡಿ, ಕೈ ಮುಗಿದು ಹೇಳಿದ: “ದೇವರ ತಂಟೆಗೆ ನಾನು ಓಗಾಕಿಲ್ಲಮ್ಮ. ಆದ್ರೆ ಮೊಟ್ಟೆ ಬಿದ್ದಿರೋ ಕಡೆ ಒಂದ್ ತೊಟ್ಟು ಇಲ್ಲ, ನೀವೇ ನೋಡ್ಕಳಿ.”

ಚಿಕ್ಕಮ್ಮ ನೆಟ್ಟಗೆ ನಾನು ಮಲಗುವ ಮೂಲೆಗೆ ಹೋದರು. ಗೂಡಿನಲ್ಲಿದ್ದ ನನ್ನ ಕೊಡೆ ತಂದು, ಬಿಚ್ಚಿ, ದೇವರ ಮಂಟಪಕ್ಕೆ ಹಿಡಿಸಿ ಕಟ್ಟಿದರು. ಆ ಮಳೆಗಾಲವೆಲ್ಲ ದೇವರು ಬೆಚ್ಚಗಿದ್ದರು. ನಾನು ನೆನೆದುಕೊಂಡು ಕಾರ್ಖಾನೆಗೆ ಹೋದೆ.

ಸೋರುವುದು ಒಂದೇ ಮೂಲೆ ಎಂದ ಮೇಲೆ ಚಿಕ್ಕಪ್ಪನ ಹುರುಪು ಹೆಚ್ಚಿತು. ಕಾಗದ ತಂದ ಪೋಸ್ಟ್‌ಮನ್ನನನ್ನು ಗೇಟಿನಲ್ಲೇ ತಡೆದು ಕೇಳಿದರು.

“ಬಾರ್ ಸೋಪು ಸಾರ್! ನಮ್ಮ ಮಾವ ಬಿಸಿನೀರಲ್ಲಿ ಕರಗ್ಸಿ ತಾರಸಿಗೆಲ್ಲ ಬಳಿದ್ರು. ಸೋರಿದ್ರೆ ಕೇಳಿ” ಎಂದು ಹೇಳಿ, ಹೊತ್ತಾಯಿತೆಂದು ಅವನು ಸೈಕಲ್ ಹತ್ತಿ ಹೊರಟ. ಚಿಕ್ಕಪ್ಪ ತಡ ಮಾಡುವವರೇ? ಅವತ್ತು ಸಂಜೆಯೇ ಬಟ್ಟೆ ಸೋಪಿನ ಬಾರುಗಳನ್ನು ಹಂಡೆಯಲ್ಲಿ ಕರಗಿಸಿ, ಪಂಚೆ ಎತ್ತಿ ಕಟ್ಟಿ, ಪೊರಕೆಯಿಂದ ಬಳಿಯತೊಡಗಿದರು. ಬಳಿಯುತ್ತ ಬಳಿಯುತ್ತ ಹಿಂದಕ್ಕೆ ಸರಿಯಬೇಕಾದವರು ಮುಂದಕ್ಕೆ ಸರಿದರು. ಕಾಲು ತಾರಸಿ ಬಿಟ್ಟಿತು. ಮೇಸ್ತ್ರಿ ಹೇಳಿದ ಕನ್ನಡಿಯಂಥ ನುಣುಪು ನಿಜವೆಂದು ಆಗ ಸಾಬೀತಾಯಿತು. ಪೊರಕೆಯ ಸಮೇತ ಚಿಕ್ಕಪ್ಪ ಈ ಪ್ಯಾರಪೆಟ್ಟಿನಿಂದ ಆ ಪ್ಯಾರಪೆಟ್ಟಿಗೆ ಕೂತಲ್ಲೇ ಪ್ರಯಾಣ ಮಾಡಿದರು!

ಕೆಳಗಿನಿಂದ ಗೌಡರು ಕೂಗಿದರು: “ಏನ್ ಸ್ವಾಮಿ, ಮ್ಯಾಲೆ ರೈಲು ಬಿಟ್ಟಿದೀರಾ?”

ಮರುದಿನ ಮಳೆ ಬಂತು. ತಾರಸಿಯ ನೀರು ಬೀಳುವ ದೋಣಿಯಿಂದ ನೀರಿನ ಬದಲು ನೊರೆ ಬಂತು. ಅಂಗಳ ತುಂಬ ನೊರೆ, ಗೇಟಿನ ತನಕ ನೊರೆ, ಗೌಡರ ಎಮ್ಮೆಯ ಮೂಗಿನ ಮೇಲೆ ನೊರೆ. ಚಿಕ್ಕಮ್ಮ ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟು ನೋಡಿದರು. ಆಮೇಲೆ ಗೌಡರ ಹೆಂಡತಿಯನ್ನು ಕೂಗಿ ಕರೆದರು. ಇಬ್ಬರೂ ಎರಡು ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ತಂದು ದೋಣಿಯ ಕೆಳಗೆ ಹಾಕಿ ಒಗೆದದ್ದೇ ಒಗೆದದ್ದು.

“ಮನೆ ಕಟ್ಸಿದ್ದಕ್ಕೂ ಒಂದು ಉಪಯೋಗ ಆಯ್ತು ಬಿಡ್ರಿ” ಎಂದು ಚಿಕ್ಕಮ್ಮ ಗಂಡನಿಗೆ ಹೇಳಿದರು. ಹೇಳುವಾಗ ನಕ್ಕರು. ಆ ಮನೆಗೆ ಬಂದ ಮೇಲೆ ಅವರು ಬಾಯಿಬಿಟ್ಟು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಚಿಕ್ಕಪ್ಪ ನೋಡಲಿಲ್ಲ. ಅವರು ದೋಣಿಯನ್ನೇ ನೋಡುತ್ತಿದ್ದರು.

ಆಮೇಲೆ ಕಾಗದ ತಂದ ಪೋಸ್ಟ್‌ಮನ್ನ ನೊರೆಯಲ್ಲಿ ಕಾಲೆತ್ತಿ ಎತ್ತಿ ಇಡುತ್ತ ಬಂದು ತಲೆ ಕೆರೆದುಕೊಂಡ: “ಸೋಪಿನ ಮೇಲೆ ಪಟಿಕದ ನೀರು ಬಳೀಬೇಕು ಅಂತ ಹೇಳೋದು ಮರೆತಿದ್ದೆ ಸಾರ್!”

ಹೀಗೇ ಕಾರ್ತೀಕ ಹತ್ತಿರವಾಯಿತು. ಸಲಹೆ ಕೊಟ್ಟವರಿಗೆ ಒಂದು ಚಟ ಹತ್ತಿತ್ತು. ತಮ್ಮ ಸಲಹೆ ಏನಾಯಿತೆಂದು ನೋಡಿಕೊಂಡು ಹೋಗಲು ಬರುವುದು! ಗೌಡರು ಬೆಲ್ಲ ನೋಡಲು ಬರುವರು, ಮೇಸ್ತ್ರಿ ಮೊಟ್ಟೆ ನೋಡಲು ಬರುವನು, ಪೋಸ್ಟ್‌ಮನ್ನ ಸೋಪು ನೋಡಲು ಬರುವನು, ಕಾಗದವಿಲ್ಲದ ದಿನವೂ. ತಾರಸಿ ಬಡಿದ ಹೆಂಗಸರು ಆ ದಾರಿಯಲ್ಲಿ ಹೋದರೆ ತಮ್ಮ ಕೈಕೆಲಸ ಕಂಡು ಮಾತಾಡಿಸದೆ ಹೋಗರು. ಬಂದವರಿಗೆಲ್ಲ ಕಾಫಿ. “ಇದೇನು ಮನೆಯೋ ಛತ್ರವೋ” ಎಂದು ಚಿಕ್ಕಮ್ಮ ಗೊಣಗುವರು. ಗೊಣಗುತ್ತ ಡಿಕಾಕ್ಷನ್ ಇಳಿಸುವರು. ಯಾರೂ ಬರದ ದಿನ ಎರಡೆರಡು ಸಲ ಗೇಟಿಗೆ ಹೋಗಿ ರಸ್ತೆ ನೋಡುವರು. ಆದರೆ ಟ್ರಂಕಿನ ಹಗ್ಗ ಮಾತ್ರ ದಿನಾ ಬಿಚ್ಚುವುದು, ದಿನಾ ಕಟ್ಟುವುದು. ದೀಪಾವಳಿಯ ಗಡುವು ಹಾಗೇ ಇತ್ತು.

ಹಬ್ಬಕ್ಕೆ ಇನ್ನೇನು ಸ್ವಲ್ಪ ದಿನ ಇರುವಾಗ ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಆಕಾಶ ಕಳಚಿಬಿತ್ತು. ಅಂಥ ಮಳೆಯನ್ನು ನಾನು ಯಶವಂತಪುರದಲ್ಲಿ ಕಂಡಿರಲಿಲ್ಲ. ದೇವರ ಮನೆಯ ಚೌಕದಲ್ಲಿ ನುಗ್ಗಿದ ನೀರು ಮೊಟ್ಟೆ, ಬೆಲ್ಲ ಎಂದು ಯಾವ ಭೇದವನ್ನೂ ಮಾಡದೆ ನಡುಮನೆಗೂ ಇಳಿಯತೊಡಗಿತು. ಗೌಡರು ತಲೆಗೆ ಗೋಣಿಕೊಪ್ಪೆ ಹಾಕಿಕೊಂಡು ರಾಗಿ ಮೆದೆಗೆ ಹೊದಿಸುವ ಟಾರ್ಪಾಲು ತಂದರು. ಚಿಕ್ಕಪ್ಪ ಅದನ್ನು ಹೊತ್ತು ಒಬ್ಬರೇ ತಾರಸಿ ಹತ್ತಿದರು. ಗಾಳಿಗೆ ಟಾರ್ಪಾಲು ಹಾರುತ್ತಿತ್ತು, ಜೊತೆಗೆ ಚಿಕ್ಕಪ್ಪನೂ ಹಾರಿಹೋಗುವರೋ ಎನ್ನಿಸುತ್ತಿತ್ತು. ಬಾವಿಯ ಹಗ್ಗದಿಂದ ಒಂದು ಕಡೆ ಕಟ್ಟಿಯಾಯಿತು. ಇನ್ನೊಂದು ಕಡೆಗೆ ಹಗ್ಗವಿಲ್ಲ.

“ಹಗ್ಗ! ಯಾರಾದ್ರೂ ಹಗ್ಗ ಕೊಡ್ರೋ!” ಎಂದು ಮೇಲಿನಿಂದ ಕೂಗಿದರು.

ನಾನು ಹಿತ್ತಿಲಲ್ಲೆಲ್ಲ ಹುಡುಕಿ ಬರಿಗೈಲಿ ಬಂದೆ. ನೋಡಿದರೆ ಚಿಕ್ಕಮ್ಮ ನಡುಮನೆಯಲ್ಲಿ ಟ್ರಂಕಿನ ಮುಂದೆ ಮಂಡಿಯೂರಿ ಗಂಟು ಬಿಚ್ಚುತ್ತಿದ್ದಾರೆ. ಒದ್ದೆಯಾದ ಗಂಟು ಬಿಡದಿದ್ದಾಗ ಹಲ್ಲಿನಿಂದ ಕಚ್ಚಿ ಎಳೆದರು. ಹಗ್ಗವನ್ನು ಸುರುಳಿ ಸುತ್ತಿ ನನ್ನ ಕೈಗೆ ತುರುಕಿದರು.

“ಚಿಕ್ಕಮ್ಮ, ಇದು...”

“ನೋಡ್ತಾ ನಿಂತ್ಕೊಂಡ್ರೆ ಅವರು ಗಾಳೀಲಿ ಹೋಗ್ತಾರೆ. ಎಸಿಯೋ ಮೇಲಕ್ಕೆ!”

ಎಸೆದೆ. ಚಿಕ್ಕಪ್ಪ ಕತ್ತಲಲ್ಲಿ ಹಿಡಿದುಕೊಂಡು, ಯಾವ ಹಗ್ಗವೆಂದೂ ನೋಡದೆ ಕಟ್ಟಿದರು. ಅಷ್ಟರಲ್ಲಿ ಕೆಳಗೆ ಸಭೆ ಸೇರಿತ್ತು. ಮೇಸ್ತ್ರಿ ಬಂದಿದ್ದ, ಮಳೆಗೆ ಸಿಕ್ಕ ಪೋಸ್ಟ್‌ಮನ್ನ ಬಂದಿದ್ದ, ಗೌಡರ ಹೆಂಡತಿ ಸೋರುವ ನೀರು ಹಿಡಿಯಲು ಎರಡು ಕೊಳದಪ್ಪಲೆ ತಂದಿದ್ದರು. ನಡುಮನೆಯಲ್ಲಿ ಸೋರದ ಜಾಗ ಹುಡುಕಿ ಎಲ್ಲರೂ ಒತ್ತಾಗಿ ಕೂತು ಜಗಳ ಹಚ್ಚಿದರು. ಮೊಟ್ಟೆಯ ಮೇಲೆ ಸೋಪು ಬಳಿದದ್ದೇ ತಪ್ಪೆಂದು ಮೇಸ್ತ್ರಿ, ಬೆಲ್ಲ ಹೆಚ್ಚಾದದ್ದೇ ತಪ್ಪೆಂದು ಪೋಸ್ಟ್‌ಮನ್ನ, ಒಬ್ಬರ ಮಾತು ಕೇಳದೆ ಊರಿನವರ ಮಾತೆಲ್ಲ ಕೇಳಿದ್ದೇ ತಪ್ಪೆಂದು ಗೌಡರು. ಚಿಕ್ಕಮ್ಮ ಬಾಣಲೆಯಿಟ್ಟು ಈರುಳ್ಳಿ ಬೋಂಡ ಕರಿದು ಬಡಿಸುತ್ತ, ಒಬ್ಬೊಬ್ಬರನ್ನೂ ಛೇಡಿಸುತ್ತ ನಗುತ್ತಿದ್ದರು. ಮಳೆಯ ಸದ್ದಿನಲ್ಲಿ ಆ ನಗು ತಾರಸಿಗೆ ಕೇಳುವಂತಿರಲಿಲ್ಲ.

ಗಾಳಿ ನಿಲ್ಲುವವರೆಗೂ ಟಾರ್ಪಾಲು ಹಿಡಿದು ಮೇಲೆಯೇ ಕೂತಿದ್ದ ಚಿಕ್ಕಪ್ಪ ಇಳಿದು ಬರುವಾಗ ಎಲ್ಲರೂ ಹೋಗಿಯಾಗಿತ್ತು. ಅವರು ಕಂಡದ್ದು ಇಷ್ಟು: ನೆನೆದ ಸೀರೆಯಲ್ಲಿ ಚಿಕ್ಕಮ್ಮ ಒಬ್ಬರೇ ಬಗ್ಗಿ, ನಡುಮನೆಯ ನೀರನ್ನು ಬಟ್ಟೆಯಿಂದ ಒರೆಸಿ ಒರೆಸಿ ಹಿಂಡುತ್ತಿದ್ದಾರೆ. ಚಿಕ್ಕಪ್ಪ ಬಾಗಿಲಲ್ಲೇ ನಿಂತುಬಿಟ್ಟರು. ಸೂರನ್ನೂ ನೋಡಲಿಲ್ಲ, ಟ್ರಂಕನ್ನೂ ನೋಡಲಿಲ್ಲ. ಹಾಗೇ ಒಳಗೆ ಹೋದರು.

ಮರುದಿನ ಅವರು ಆಫೀಸಿಗೆ ಹೋದ ಮೇಲೆ ಚಿಕ್ಕಮ್ಮ ಗೋಡೆ ಬೀರುವನ್ನು ಒರೆಸಿ ಸೀರೆಗಳನ್ನೆಲ್ಲ ಅದರಲ್ಲಿ ಜೋಡಿಸಿದರು. ನಾನು ಕಣ್ಣರಳಿಸಿದ್ದಕ್ಕೆ, “ಟ್ರಂಕಿಗೆ ನೀರು ಹೋಗಿದೆ ಕಣೋ, ಒಣಗ್ಬೇಡ್ವೇ?” ಎಂದರು. ಒಣಗಿದ ಮೇಲೂ ಸೀರೆಗಳು ಬೀರುವಿನಲ್ಲೇ ಇದ್ದವು. “ಚಿಕ್ಕಪ್ಪನಿಗೆ ಹೇಳ್ಲಾ?” ಎಂದರೆ ಬೆರಳೆತ್ತಿ ಗದರಿದರು. “ಬಾಯ್ಬಿಟ್ರೆ ನೋಡು! ಅವರಿಗೇ ಯಾವಾಗ ಕಾಣುತ್ತೋ ಕಾಣ್ಲಿ.”

ಚಿಕ್ಕಪ್ಪನಿಗೆ ಕಾಣಲಿಲ್ಲ. ಅವರಿಗೆ ಆ ವಾರ ಏನೂ ಕಾಣುತ್ತಿರಲಿಲ್ಲ. ಸಲಹೆ ಕೇಳುವುದನ್ನೇ ಬಿಟ್ಟರು! ಊರಿಗೆ ಇದು ಸಿಡಿಲಿನಂಥ ಸುದ್ದಿಯಾಯಿತು. ಪೋಸ್ಟ್‌ಮನ್ನ ಬೇಕೆಂದೇ ಗೇಟಿನಲ್ಲಿ ತಡಮಾಡಿ ನಿಂತು ನೋಡಿದ, ಚಿಕ್ಕಪ್ಪ ಕಾಗದ ಇಸಿದುಕೊಂಡು ಒಳಗೆ ಹೋದರು. “ಸಾರ್‌ಗೆ ಹುಷಾರಿಲ್ವಾ?” ಎಂದು ಅವನು ನನ್ನನ್ನು ಕೇಳಿದ. ಗೌಡರಂತೂ ಬೇಲಿಯ ಮೇಲೆ ಕೈಯಿಟ್ಟು ನೊಂದುಕೊಂಡರು: “ನಮ್ಮ ಕಡೆಯಿಂದ ಏನಾರಾ ತಪ್ಪಾಯ್ತಾ? ಮೂರು ದಿನ ಆಯ್ತು, ಸ್ವಾಮ್ಯೋರು ಏನೂ ಕೇಳ್ನೇ ಇಲ್ಲ!”

ಭಾನುವಾರ ಬೆಳಗ್ಗೆ ಗೇಟಿನ ಮುಂದೆ ಗೆಜ್ಜೆ ಸದ್ದಾಯಿತು. ನೋಡಿದರೆ ಜಟಕಾ. ಅದರೊಳಗಿನಿಂದ ಚಿಕ್ಕಪ್ಪ ಇಳಿದು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಂದು ನಡುಮನೆಯಲ್ಲಿ ನಿಂತರು. ಚಿಕ್ಕಮ್ಮ ಸೌಟು ಹಿಡಿದುಕೊಂಡೇ ಅಡಿಗೆಮನೆಯಿಂದ ಬಂದರು.

“ಹೊರಡು ಕಣೇ” ಎಂದರು ಚಿಕ್ಕಪ್ಪ. “ವಠಾರದಲ್ಲಿ ನಮ್ಮ ಮನೆ ಖಾಲಿ ಇದೆ. ಮಾತಾಡ್ಕೊಂಡು ಬಂದಿದೀನಿ. ಹಬ್ಬ ಅಲ್ಲೇ ಮಾಡೋಣ. ಈ ಮನೆ ಯಾರಿಗಾದ್ರೂ ಕೊಟ್ಬಿಡೋಣ.”

ಚಿಕ್ಕಮ್ಮ ಅವರನ್ನೇ ನೋಡಿದರು. “ಇದನ್ನ ಯಾರನ್ನ ಕೇಳ್ಕೊಂಡು ಮಾಡಿದ್ರಿ?”

“ಯಾರನ್ನೂ ಕೇಳ್ಲಿಲ್ಲ.”

“ಅದಕ್ಕೇ ಹಿಂಗಾಗಿರೋದು!”

ಚಿಕ್ಕಪ್ಪನಿಗೆ ಅರ್ಥವಾಗಲಿಲ್ಲ. “ನಿನ್ನ ಟ್ರಂಕು ನಾನೇ ಎತ್ತಿಡ್ತೀನಿ” ಎಂದು ಬಗ್ಗಿ ಎರಡು ಕೈಯಲ್ಲಿ ಬಲ ಹಾಕಿ ಎತ್ತಿದರು. ಟ್ರಂಕು ಹೂವಿನಂತೆ ಎದ್ದು ಬಂತು, ಚಿಕ್ಕಪ್ಪ ಮುಗ್ಗರಿಸಿದರು, ಮುಚ್ಚಳ ಟಪ್ಪನೆ ತೆರೆದುಕೊಂಡಿತು. ಒಳಗೆ ಒಂದು ನುಸಿಗುಳಿಗೆ ಬಿಟ್ಟು ಬೇರೇನೂ ಇರಲಿಲ್ಲ.

“ಇದರ ಹಗ್ಗ ಎಲ್ಲೇ?”

“ನಿಮ್ಮ ತಲೆ ಮೇಲಿದೆ” ಎಂದರು ಚಿಕ್ಕಮ್ಮ. “ಅವತ್ತು ಟಾರ್ಪಾಲಿಗೆ ನೀವೇ ಕಟ್ಟಿದ್ದು.”

ಚಿಕ್ಕಪ್ಪ ಸೂರು ನೋಡಿದರು, ಬರಿದಾದ ಟ್ರಂಕು ನೋಡಿದರು. ಆಮೇಲೆ ಬೀರುವಿನ ಹತ್ತಿರ ಹೋಗಿ ತೇಗದ ಬಾಗಿಲು ತೆರೆದರು. ಸೀರೆಗಳು ಸಾಲಾಗಿ ಮಡಿಸಿಕೊಂಡು ಕೂತಿದ್ದವು. ಕನ್ನಡಿಯಲ್ಲಿ ಅವರ ಮುಖ ಕಂಡಿತು. ಆ ಮುಖವನ್ನು ನಾನು ಮರೆಯಲಾರೆ.

“ಲೇ, ಸೂರು ಇನ್ನೂ ಸೋರ್ತಾ ಇದೆಯಲ್ಲೇ...”

“ಸೋರ್ತಾ ಇದೆ. ಅದಕ್ಕೇ ಹೇಳ್ತಿರೋದು. ಸೋರೋ ಮನೇನ ಹಿಂಗೇ ಬಿಟ್ಟು ಹೋಗೋಕಾಗುತ್ತಾ? ಗೌಡ್ರು ಏನ್ ಅನ್ಕೋತಾರೆ? ಆ ಪೋಸ್ಟ್‌ಮನ್ನ ಬಂದು ಯಾರನ್ನ ಕೇಳ್ತಾನೆ? ವಠಾರದಲ್ಲಿ ನಂಗೆ ಇಷ್ಟು ಜನ ಎಲ್ಲಿದ್ರು?”

ಸೌಟಿನಿಂದ ಸಾರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಯಾರೂ ಗಮನಿಸಲಿಲ್ಲ. ಚಿಕ್ಕಪ್ಪ, ನಾನು ಎಷ್ಟೋ ಜನರ ಮುಂದೆ ಕೇಳಿದ್ದ ಅದೇ ಪ್ರಶ್ನೆಯನ್ನು, ಎಂದೂ ಕೇಳದ ದನಿಯಲ್ಲಿ ಕೇಳಿದರು.

“ಹಂಗಾದ್ರೆ ಏನ್ ಮಾಡೋಣ ಅಂತೀಯ?”

ಚಿಕ್ಕಮ್ಮ ದೇವರ ಮನೆಯ ಕಡೆ ಒಮ್ಮೆ ನೋಡಿದರು. ನನ್ನ ಕೊಡೆಯ ಕೆಳಗೆ ದೇವರು ಕೂತಿದ್ದರು. ದನಿ ತಗ್ಗಿಸಿ ಹೇಳಿದರು:

“ಆ ಚೌಕ ಒಡೆಸಿ ಹೊಸ ಗಾರೆ ಹಾಕ್ಸಿ. ಬೆಲ್ಲ ಕಮ್ಮಿ ಇರ್ಲಿ. ಬೇಕಾದ್ರೆ... ಮೊಟ್ಟೇನೂ ಹಾಕ್ಸಿ. ಅವತ್ತು ನಾನು ಗೌಡ್ರ ಮನೇಲಿ ಇರ್ತೀನಿ. ನಂಗೆ ಗೊತ್ತಿಲ್ಲ, ದೇವರಿಗೆ ನೀವೇ ಹೇಳ್ಕೊಳಿ.”

ಚಿಕ್ಕಪ್ಪ ತಟ್ಟನೆ ಕತ್ತೆತ್ತಿ ಸೂರು ನೋಡತೊಡಗಿದರು. ಈ ಸಲ ಅವರು ನೋಡುತ್ತಿದ್ದದ್ದು ಸೋರಿಕೆಯನ್ನಲ್ಲ. ಕಣ್ಣಲ್ಲಿ ತುಂಬಿದ್ದು ಕೆಳಗಿಳಿಯದಿರಲಿ ಎಂದು ಹಾಗೆ ನಿಂತಿದ್ದರು. ನನಗೂ ಅಳು ಬಂತು. ಹೇಳಲು ನಾಚಿಕೆಯೇನಿಲ್ಲ.

ಗೇಟಿನಿಂದ ಜಟಕಾದವನು ಕೂಗಿದ: “ಸಾಮಾನು ತರ್ಲಾ ಸಾಮಿ?”

“ಸಾಮಾನು ಇಲ್ಲಪ್ಪ, ಯಾರೂ ಹೋಗ್ತಿಲ್ಲ” ಎಂದು ಚಿಕ್ಕಪ್ಪ ಟೋಪಿ ಹಾಕಿಕೊಂಡು ಹೊರಗೆ ಹೋದರು. ಅವನು ಲಗಾಮು ಹಿಡಿದುಕೊಂಡೇ ತಾರಸಿಯ ಮೇಲಿನ ಟಾರ್ಪಾಲನ್ನೇ ನೋಡುತ್ತಿದ್ದ.

“ಮನೆ ಸೋರ್ತದಾ ಸಾಮಿ? ಒಂದ್ ಮಾತು ಹೇಳ್ಲಾ?”

ಚಿಕ್ಕಪ್ಪ ಹಿಂತಿರುಗಿ ಚಿಕ್ಕಮ್ಮನನ್ನು ನೋಡಿದರು. ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಒಳಗೆ ನಡೆದರು.

“ಒಳಗೆ ಕರೀರಿ ಅವನನ್ನ. ಕಾಫಿಗೆ ಇನ್ನೊಂದು ಲೋಟ ನೀರಿಡ್ತೀನಿ.”